ಅರ್ಧಕ್ಕೆ ಶಾಲೆ ಬಿಟ್ಟ ಮಗುವಿನ ಇಂಗ್ಲಿಷ್

ಇಂಗ್ಲಿಷ್ ಬೇಕೋ ಬೇಡವೋ ಎಂಬ ಜಗಳ ನಮ್ಮ ನಾಡಿನಲ್ಲಿ ಹಳೆಯದು. 1982ರ ಗೋಕಾಕ್ ಚಳವಳಿ, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕು ಎಂದ 1994ರ ಸರ್ಕಾರಿ ಆದೇಶ, ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು ಹೊರಟ 2007ರ ತೀರ್ಮಾನ, ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದ 2014ರ ಸುಪ್ರೀಂ ಕೋರ್ಟ್ ತೀರ್ಪು, 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ತೆರೆದ ಇಂಗ್ಲಿಷ್ ಮಾಧ್ಯಮದ ವಿಭಾಗಗಳು - ಹೀಗೆ ನಾಲ್ಕು ದಶಕಗಳ ಕಾಲ ನಾವು ಮಾಧ್ಯಮದ ಬಗ್ಗೆ ಮಾತನಾಡಿದ್ದೇವೆ. ಬೀದಿಯಲ್ಲಿ, ಸದನದಲ್ಲಿ, ನ್ಯಾಯಾಲಯದಲ್ಲಿ ಮಾತನಾಡಿದ್ದೇವೆ. ಆದರೆ ನಲವತ್ತು ನಿಮಿಷದ ಇಂಗ್ಲಿಷ್ ಪಿರಿಯಡ್ಡಿನಲ್ಲಿ ಬಾಗಿಲು ಮುಚ್ಚಿಕೊಂಡ ಮೇಲೆ ಒಳಗೆ ಏನು ನಡೆಯುತ್ತದೆ ಎಂಬ ಪ್ರಶ್ನೆಯನ್ನು ಬೀದಿಯೂ ಕೇಳಲಿಲ್ಲ, ನ್ಯಾಯಾಲಯವೂ ಕೇಳಲಿಲ್ಲ.

ಅದನ್ನು ಬಲ್ಲವರ ವಿಷಯ ಎಂದು ಪಕ್ಕಕ್ಕೆ ಸರಿಸಿದ್ದೇವೆ. ಭಾಷಾ ಬೋಧನೆಯ ತಜ್ಞರಿದ್ದಾರೆ, ಅವರ ಸಂಸ್ಥೆಗಳಿವೆ, ಹತ್ತು ಹದಿನೈದು ವರ್ಷಕ್ಕೊಮ್ಮೆ ಒಂದು ಹೊಸ ವಿಧಾನದ ಹೆಸರು ಬರುತ್ತದೆ, ಶಿಕ್ಷಕರಿಗೆ ತರಬೇತಿ ಶಿಬಿರ ನಡೆಯುತ್ತದೆ, ಪಠ್ಯಪುಸ್ತಕದ ಮುಖಪುಟ ಬದಲಾಗುತ್ತದೆ. ವಿಧಾನ ಎನ್ನುವುದು ಬರೀ ತಂತ್ರವಲ್ಲ ಎಂಬುದು ನಮ್ಮ ವಾದ. ಪ್ರತಿಯೊಂದು ವಿಧಾನದ ಒಳಗೂ ಮಗು ಯಾರು, ಅದರ ಮನೆಮಾತಿಗೆ ಎಷ್ಟು ಬೆಲೆ, ಅದು ಎಷ್ಟು ವರ್ಷ ಶಾಲೆಯಲ್ಲಿ ಉಳಿಯುತ್ತದೆ ಎಂಬ ಬಗ್ಗೆ ಒಂದು ಊಹೆ ಅಡಗಿರುತ್ತದೆ. ಆ ಊಹೆಯನ್ನು ಹೊರಗೆಳೆದು ನೋಡುವುದು ಸಾಹಿತ್ಯ ವಿಮರ್ಶೆಯಷ್ಟೇ ಅಗತ್ಯವಾದ ವಿಮರ್ಶೆ.

ಅಳತೆಗೋಲು ಒಂದು

ಅಳೆಯುವುದಕ್ಕೆ ಒಂದು ಕೋಲು ಬೇಕು. ಅದು ನಮಗೆ ಸಿಗುವುದು, ಆಶ್ಚರ್ಯವೆಂದರೆ, ವಸಾಹತು ಸರ್ಕಾರದ ಒಬ್ಬ ಅಧಿಕಾರಿಯ ಬರಹದಲ್ಲಿ. ಮೈಕೇಲ್ ವೆಸ್ಟ್ ಎಂಬಾತ ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಂಶುಪಾಲರಾಗಿದ್ದವರು. ಬಂಗಾಳದ ಮಕ್ಕಳ ದ್ವಿಭಾಷಿಕತೆಯ ಬಗ್ಗೆ 1926ರಲ್ಲಿ ಒಂದು ವರದಿ ಬರೆದರು. ವೆಸ್ಟ್ ಗಮನಿಸಿದ್ದು ತೀರಾ ಸರಳವಾದ ಸಂಗತಿ. ಇಂಗ್ಲಿಷ್ ಪಾಠಕ್ರಮವನ್ನು ಕೊನೆಯವರೆಗೆ ಓದಿ ಕಾಲೇಜಿಗೆ ಹೋಗುವ ಕೆಲವೇ ಹುಡುಗರನ್ನು ಮನಸ್ಸಿನಲ್ಲಿಟ್ಟು ರೂಪಿಸಲಾಗಿದೆ. ನಡುವೆ ಶಾಲೆ ಬಿಟ್ಟು ಹೋಗುವವರೇ ಹೆಚ್ಚು. ಹಾಗೆ ಬಿಟ್ಟು ಹೋಗುವವನ ಕೈಯಲ್ಲಿ, ಅವನು ಕಲಿತಷ್ಟು ವರ್ಷಕ್ಕೆ ತಕ್ಕಂತೆ, ಏನಾದರೂ ಉಳಿಯುತ್ತದೆಯೇ? ಈ ಉಳಿಕೆಗೆ ಅವರು ವಿಮೆಯ ಲೋಕದಿಂದ ಒಂದು ಪದ ತೆಗೆದುಕೊಂಡರು: ಸರೆಂಡರ್ ವ್ಯಾಲ್ಯೂ.

ಎಲ್ಐಸಿ ಪಾಲಿಸಿ ಮಾಡಿಸಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಕಂತು ಕಟ್ಟಲಾಗದೆ ಪಾಲಿಸಿಯನ್ನು ಅವಧಿಗೆ ಮೊದಲೇ ಮುರಿದರೆ ವಾಪಸು ಸಿಗುವ ಹಣ ಅದು. ಹಳೆಯ ಪಾಲಿಸಿಗಳಲ್ಲಿ ಮೊದಲ ಒಂದೆರಡು ವರ್ಷ ಕಟ್ಟಿ ಬಿಟ್ಟರೆ ಬಿಡಿಗಾಸೂ ಬರುತ್ತಿರಲಿಲ್ಲ. ನಮ್ಮ ಶಾಲೆಗಳ ಇಂಗ್ಲಿಷ್ ಬಹುಮಟ್ಟಿಗೆ ಇಂಥ ಪಾಲಿಸಿ. ಪೂರ್ತಿ ಅವಧಿ ಕಟ್ಟಿದವನಿಗೆ ಬೋನಸ್ಸು, ನಡುವೆ ನಿಂತವನಿಗೆ ಶೂನ್ಯ.

ನಡುವೆ ನಿಲ್ಲುವವರು ಯಾರು? 2006ರ ಸಾಚಾರ್ ಸಮಿತಿ ವರದಿ ಹೇಳಿದ ಒಂದು ಅಂಕಿಯನ್ನು ನೆನಪಿಸಿಕೊಂಡರೆ ಸಾಕು. ದೇಶದಲ್ಲಿ 6ರಿಂದ 14 ವರ್ಷದೊಳಗಿನ ಮುಸ್ಲಿಂ ಮಕ್ಕಳಲ್ಲಿ ಶೇಕಡಾ 25ರಷ್ಟು ಮಂದಿ ಒಂದೋ ಶಾಲೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ, ಇಲ್ಲವೇ ಹತ್ತಿ ಇಳಿದಿದ್ದರು. ಬೀಡಿ ಸುರುಳಿ, ಅಗರಬತ್ತಿ, ಗ್ಯಾರೇಜು, ಗುಜರಿ, ಮದುವೆ ಎಂದು ಇಳಿಯುವ ಮೆಟ್ಟಿಲುಗಳ ಹೆಸರು ನಮಗೆ ಗೊತ್ತು. ಇದು ಮುಸಲ್ಮಾನರದ್ದು ಮಾತ್ರವಲ್ಲ, ಬಡ ಕುಟುಂಬಗಳೆಲ್ಲದರ ಕಥೆ. ಹಾಗಾಗಿ ಯಾವ ವಿಧಾನವನ್ನೇ ತನ್ನಿ, ನಾವು ಕೇಳುವ ಪ್ರಶ್ನೆ ಒಂದೇ: ಏಳನೆಯ ತರಗತಿಗೆ ಶಾಲೆ ಬಿಟ್ಟ ಹುಡುಗಿಯ ಕೈಯಲ್ಲಿ ನಿಮ್ಮ ಇಂಗ್ಲಿಷಿನಿಂದ ಏನು ಉಳಿಯಿತು?

ವ್ಯಾಕರಣದಿಂದ ಪೆನ್ನಿನವರೆಗೆ

ಮೊದಲು ಬಂದದ್ದು ವ್ಯಾಕರಣ ಮತ್ತು ಅನುವಾದದ ವಿಧಾನ. ನಿಯಮ ಬಾಯಿಪಾಠ ಮಾಡು, ಪದಗಳ ಅರ್ಥ ಬರೆದುಕೋ, ವಾಕ್ಯವನ್ನು ಅತ್ತಿಂದಿತ್ತ ತಿರುಗಿಸು. ಈ ವಿಧಾನವನ್ನು ಗೇಲಿ ಮಾಡುವುದು ಈಗ ಸುಲಭ. ಆದರೆ ಇಂಗ್ಲಿಷ್ ಅಧ್ಯಾಪಕರಾಗಿದ್ದ ಬಿ.ಎಂ.ಶ್ರೀ ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದು ನಮ್ಮ ಕಾವ್ಯದ ದಿಕ್ಕನ್ನೇ ಬದಲಿಸಿದ್ದು ಎರಡು ಭಾಷೆಗಳನ್ನು ಎದುರುಬದುರು ಕೂರಿಸುವ ಶಿಕ್ಷಣದ ವಾತಾವರಣದಲ್ಲಿಯೇ. ಅಡಿಗರು, ಅನಂತಮೂರ್ತಿ, ಲಂಕೇಶರು ಇಂಗ್ಲಿಷ್ ಕಲಿಸುತ್ತಲೇ ಕನ್ನಡ ಬರೆದವರು. ಆ ವಿಧಾನಕ್ಕೆ ಒಂದು ಗುಣವಿತ್ತು. ಅದು ಮಗುವಿನ ಭಾಷೆಯನ್ನು ತರಗತಿಯಿಂದ ಹೊರಗಟ್ಟಲಿಲ್ಲ. ದೋಷ ಬೇರೆ ಕಡೆ ಇತ್ತು. ಅದರ ಫಲವೆಲ್ಲ ಕೊನೆಯಲ್ಲಿ. ಹತ್ತು ವರ್ಷ ಕಟ್ಟಿದವನು ಷೇಕ್ಸ್‌ಪಿಯರನನ್ನು ಓದಬಲ್ಲ. ಮೂರು ವರ್ಷ ಕಟ್ಟಿದವನ ಬಾಯಲ್ಲಿ ಕ್ರಿಯಾಪದದ ಮೂರು ರೂಪಗಳು ಮಗ್ಗಿಯಂತೆ ಉಳಿಯುತ್ತವೆ, ಯಾವ ಬಾಗಿಲಿಗೂ ಹಾಕಲಾಗದ ಬೀಗದ ಕೈಯ ಹಾಗೆ.

ಸ್ವಾತಂತ್ರ್ಯಾನಂತರ ಬಂದದ್ದು ರಚನಾತ್ಮಕ ವಿಧಾನ. 1950ರ ದಶಕದಲ್ಲಿ ಮದ್ರಾಸ್ ರಾಜ್ಯದಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ಶುರುವಾಯಿತು. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ, 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಹುಟ್ಟಿಕೊಂಡವು. ಹೈದರಾಬಾದಿನ ಸಂಸ್ಥೆಗೆ ನಿರ್ದೇಶಕರಾಗಿದ್ದವರಲ್ಲಿ ಒಬ್ಬರು ವಿ.ಕೃ.ಗೋಕಾಕರು. ಕನ್ನಡಕ್ಕೆ ಅಗ್ರಸ್ಥಾನ ಕೊಡಿಸಿದ ವರದಿಯ ಕರ್ತೃವೂ ಅವರೇ. ಇಂಗ್ಲಿಷನ್ನು ಚೆನ್ನಾಗಿ ಕಲಿಸುವುದಕ್ಕೂ ಕನ್ನಡವನ್ನು ಮೇಲೆ ಕೂರಿಸುವುದಕ್ಕೂ ವೈರವಿಲ್ಲ ಎಂದು ತಿಳಿಯಲು ಈ ಒಂದು ಜೀವನವೇ ಸಾಕಿತ್ತು. ಚಳವಳಿಯ ಗದ್ದಲದಲ್ಲಿ ಪರ ಮತ್ತು ವಿರೋಧದವರಿಬ್ಬರಿಗೂ ಅದು ಕಾಣಲಿಲ್ಲ.

ರಚನಾತ್ಮಕ ವಿಧಾನದಲ್ಲಿ ವಾಕ್ಯದ ಮಾದರಿಗಳನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿ, ಒಂದೊಂದನ್ನೇ ಮಕ್ಕಳ ಬಾಯಲ್ಲಿ ಹತ್ತಾರು ಸಲ ಹೇಳಿಸುತ್ತಿದ್ದರು. 'ದಿಸ್ ಈಸ್ ಎ ಪೆನ್' ಎಂದು ಮೇಷ್ಟ್ರು ಪೆನ್ನು ಎತ್ತಿ ಹಿಡಿಯುತ್ತಾರೆ, ಅರುವತ್ತು ಮಕ್ಕಳು ಅದನ್ನೇ ಕೂಗುತ್ತಾರೆ. ಅದು ಪೆನ್ನು ಎಂಬುದರಲ್ಲಿ ಅಲ್ಲಿರುವ ಯಾರಿಗೂ ಅನುಮಾನವಿಲ್ಲ. ಯಾರಿಗೂ ಅನುಮಾನವಿಲ್ಲದ ಸಂಗತಿಯನ್ನು ಯಾರೂ ಯಾವ ಭಾಷೆಯಲ್ಲೂ ಹೇಳುವುದಿಲ್ಲ. ಕಥೆ ಬರೆಯುವವರಾಗಿ ನಮಗೆ ಅನ್ನಿಸುವುದು ಇದು: ಮಾತಿಗೆ ಕಾರಣವಿರಬೇಕು. ಕಾರಣವಿಲ್ಲದ ಮಾತು ಪಾತ್ರದ ಬಾಯಲ್ಲಿ ಹೇಗೆ ನಿಲ್ಲುವುದಿಲ್ಲವೋ ಮಗುವಿನ ಬಾಯಲ್ಲೂ ಹಾಗೆಯೇ ನಿಲ್ಲುವುದಿಲ್ಲ.

ಇದಕ್ಕಿಂತ ಆಳವಾದ ಪೆಟ್ಟು ಕೊಟ್ಟದ್ದು ಮನೆಮಾತಿನ ಮೇಲಿನ ನಿಷೇಧ. 1961ರಲ್ಲಿ ಉಗಾಂಡದ ಮಕೆರೆರೆಯಲ್ಲಿ ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಸುವ ಕುರಿತು ಕಾಮನ್‌ವೆಲ್ತ್ ದೇಶಗಳ ಸಮ್ಮೇಳನ ನಡೆಯಿತು. ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕು. ಇಂಗ್ಲಿಷ್ ಮಾತೃಭಾಷೆಯಾದವನೇ ಆದರ್ಶ ಶಿಕ್ಷಕ. ಎಷ್ಟು ಬೇಗ ಶುರುಮಾಡಿದರೆ ಅಷ್ಟು ಒಳ್ಳೆಯದು. ಎಷ್ಟು ಹೆಚ್ಚು ಕಲಿಸಿದರೆ ಅಷ್ಟು ಒಳ್ಳೆಯದು. ಬೇರೆ ಭಾಷೆಗಳ ಬಳಕೆ ಹೆಚ್ಚಿದರೆ ಇಂಗ್ಲಿಷಿನ ಮಟ್ಟ ಕುಸಿಯುತ್ತದೆ - ಈ ಐದು ನಂಬಿಕೆಗಳು ಅಲ್ಲಿಂದ ಗಟ್ಟಿಯಾದವು. ರಾಬರ್ಟ್ ಫಿಲಿಪ್ಸನ್ ಎಂಬ ವಿದ್ವಾಂಸರು 1992ರಲ್ಲಿ ಭಾಷಾ ಸಾಮ್ರಾಜ್ಯಶಾಹಿಯ ಕುರಿತ ತಮ್ಮ ಪುಸ್ತಕದಲ್ಲಿ ಈ ಐದನ್ನೂ ಒಂದೊಂದಾಗಿ ಬಿಡಿಸಿ, ಐದೂ ಭ್ರಮೆಗಳೆಂದು ವಾದಿಸಿದರು. ಪುಸ್ತಕ ಬಂದು ಮೂರು ದಶಕ ಕಳೆದರೂ ನಮ್ಮ ಊರಿನ ಯಾವುದೇ ಖಾಸಗಿ ಶಾಲೆಯ ಜಾಹೀರಾತು ನೋಡಿ. ಮೊದಲ, ಮೂರನೆಯ ಮತ್ತು ನಾಲ್ಕನೆಯ ನಂಬಿಕೆಗಳು ಬಣ್ಣದ ಅಕ್ಷರಗಳಲ್ಲಿ ಇರುತ್ತವೆ. ಎರಡನೆಯದನ್ನು ಮಾತ್ರ ಹಾಕಲಾಗದು, ಏಕೆಂದರೆ ಅಲ್ಲಿ ಕಲಿಸುವವಳು ಆರು ಸಾವಿರ ಸಂಬಳದ, ನಮ್ಮದೇ ಓಣಿಯ ಹುಡುಗಿ.

ಕನ್ನಡ ಅಥವಾ ಉರ್ದು ಆಡಿದ್ದಕ್ಕೆ ದಂಡ ಹಾಕುವ ಶಾಲೆಗಳನ್ನು ನಮ್ಮ ಓದುಗರು ಕಂಡಿರುತ್ತಾರೆ. ಸರ್ಕಾರಿ ಶಾಲೆಯಲ್ಲಿ ದಂಡವಿಲ್ಲ, ಕಳ್ಳತನವಿದೆ. ತರಬೇತಿಯಲ್ಲಿ ಮಾತೃಭಾಷೆ ಬಳಸಬೇಡಿ ಎಂದು ಕೇಳಿಸಿಕೊಂಡು ಬಂದ ಶಿಕ್ಷಕಿ, ಮಕ್ಕಳ ಕಣ್ಣಲ್ಲಿ ಕತ್ತಲೆ ಕಂಡಾಗ ಸದ್ದಿಲ್ಲದೆ ಕನ್ನಡದಲ್ಲೋ ಉರ್ದುವಿನಲ್ಲೋ ಅರ್ಥ ಹೇಳಿಬಿಡುತ್ತಾಳೆ. ಇನ್‌ಸ್ಪೆಕ್ಟರ್ ಬಂದರೆ ನಿಲ್ಲಿಸುತ್ತಾಳೆ. ತನ್ನ ಕೆಲಸದಲ್ಲಿ ಮಗುವಿಗೆ ನಿಜವಾಗಿ ದಕ್ಕಿದ ಭಾಗವನ್ನೇ ಅವಳು ಬಚ್ಚಿಡಬೇಕಾಗಿದೆ. ಬಚ್ಚಿಟ್ಟ ಕೆಲಸ ಬೆಳೆಯುವುದಿಲ್ಲ. ಅದರ ಬಗ್ಗೆ ಚರ್ಚೆಯಿಲ್ಲ, ತರಬೇತಿಯಿಲ್ಲ. ಹಾಗಾಗಿ ಅದು ಬರೀ ಪದಕ್ಕೆ ಪದ ಹೇಳುವ ಗೈಡಿನ ಮಟ್ಟಕ್ಕೆ ನಿಂತುಬಿಡುತ್ತದೆ.

ಬೆಂಗಳೂರು ಎಂಬ ಹೆಸರಿನ ವಿಧಾನ

ಜಗತ್ತಿನ ಭಾಷಾ ಬೋಧನೆಯ ಪುಸ್ತಕಗಳಲ್ಲಿ ನಮ್ಮ ರಾಜಧಾನಿಯ ಹೆಸರು ಒಂದು ಪ್ರಯೋಗದ ಹೆಸರಾಗಿ ಉಳಿದಿದೆ ಎಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು. 1979ರಿಂದ 1984ರವರೆಗೆ ನಡೆದ 'ಬೆಂಗಳೂರು ಪ್ರಾಜೆಕ್ಟ್' ಅದು. ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್.ಎಸ್.ಪ್ರಭು ಅದರ ಹಿಂದಿನ ಚಿಂತಕರು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಬೆಂಬಲವಿತ್ತು. ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳ ಎಂಟು ತರಗತಿಗಳಲ್ಲಿ, ಒಂದರಿಂದ ಮೂರು ವರ್ಷಗಳವರೆಗೆ ಅದು ನಡೆಯಿತು. ಸಲಕರಣೆ ಎಂದರೆ ಕರಿಹಲಗೆ, ಸೀಮೆಸುಣ್ಣ, ಕಾಗದ, ಪೆನ್ಸಿಲ್.

ಪ್ರಭು ಅವರ ನಿಲುವು ರಚನಾತ್ಮಕ ವಿಧಾನಕ್ಕೆ ನೇರ ವಿರುದ್ಧ. ವ್ಯಾಕರಣವನ್ನು ತುಂಡು ತುಂಡಾಗಿ ಬಡಿಸಿದರೆ ಮಗು ಅದನ್ನು ಕೂಡಿಸಿಕೊಳ್ಳುವುದಿಲ್ಲ. ಮನಸ್ಸು ಅರ್ಥದ ಮೇಲೆ ನೆಟ್ಟಿರುವಾಗ, ಒಂದು ಸಮಸ್ಯೆಯನ್ನು ಬಿಡಿಸಲು ತಿಣುಕುತ್ತಿರುವಾಗ, ವ್ಯಾಕರಣ ತಾನಾಗಿ ಒಳಗೆ ಕೂರುತ್ತದೆ ಎಂದು ಅವರು ನಂಬಿದರು. ಹಾಗಾಗಿ ತರಗತಿಗೆ ಪಾಠದ ಬದಲು ಕೆಲಸ ಬಂತು. ರೈಲಿನ ವೇಳಾಪಟ್ಟಿ ಕೊಟ್ಟು, ಇಷ್ಟು ಗಂಟೆಯೊಳಗೆ ಅಲ್ಲಿ ತಲುಪಬೇಕಾದರೆ ಯಾವ ರೈಲು ಹಿಡಿಯಬೇಕು ಎಂದು ಕೇಳುವುದು. ನಕ್ಷೆ ಕೊಟ್ಟು ದಾರಿ ಕೇಳುವುದು. ಮೊದಲು ಅಂಥದೇ ಒಂದು ಸಮಸ್ಯೆಯನ್ನು ಶಿಕ್ಷಕರು ಇಡೀ ತರಗತಿಯೊಂದಿಗೆ ಪ್ರಶ್ನೋತ್ತರದಲ್ಲಿ ಬಿಡಿಸುತ್ತಾರೆ, ಆಮೇಲೆ ಮಗು ಒಂಟಿಯಾಗಿ ಇನ್ನೊಂದನ್ನು ಬಿಡಿಸುತ್ತದೆ. ಅಂಕ ಕೊಡುವುದು ರೈಲು ಸರಿಯಾಗಿ ಹಿಡಿದಿದೆಯೇ ಎಂದು ನೋಡಿ.

ವೆಸ್ಟ್ ಅವರ ಅಳತೆಗೋಲನ್ನು ಇಲ್ಲಿ ಇಟ್ಟು ನೋಡಿ. ರೈಲಿನ ವೇಳಾಪಟ್ಟಿ ಓದಲು ಕಲಿತ ಮಗು ನಾಳೆಯೇ ಶಾಲೆ ಬಿಟ್ಟರೂ ವೇಳಾಪಟ್ಟಿ ಓದಬಲ್ಲದು! ಪ್ರಭು ಅವರ ಉದ್ದೇಶ ಇದಾಗಿರಲಿಲ್ಲ. ಅವರಿಗೆ ವೇಳಾಪಟ್ಟಿ ಒಂದು ನೆಪ, ಒಳಗೆ ಕೂರಬೇಕಾದದ್ದು ವ್ಯಾಕರಣ. ಆದರೆ ಬಡವರ ಮಕ್ಕಳ ಕಡೆಯಿಂದ ನೋಡಿದರೆ ಆ ನೆಪವೇ ದೊಡ್ಡ ಲಾಭ. ಇಲ್ಲಿ ಕಲಿಕೆಯ ಪ್ರತಿಯೊಂದು ಕಂತಿಗೂ ಅಷ್ಟಷ್ಟೇ ವಾಪಸಾತಿ ಇದೆ.

1985ರಲ್ಲಿ ಬೆರೆಟ್ಟಾ ಮತ್ತು ಡೇವಿಸ್ ಎಂಬ ಇಬ್ಬರು ವಿದ್ವಾಂಸರ ಮೌಲ್ಯಮಾಪನ ಪ್ರಕಟವಾಯಿತು. ಒಟ್ಟಾರೆ ತೀರ್ಮಾನ ಯೋಜನೆಯ ಪರವಾಗಿಯೇ ಇತ್ತು, ಎಚ್ಚರಿಕೆಯ ಮಾತುಗಳೊಂದಿಗೆ. ರೂಢಿಯ ವ್ಯಾಕರಣ ಪರೀಕ್ಷೆಯಲ್ಲಿ ಹಳೆಯ ವಿಧಾನದ ಮಕ್ಕಳೇನೂ ಹಿಂದೆ ಬಿದ್ದಿರಲಿಲ್ಲ. ಮುಂದೆ ಬೆರೆಟ್ಟಾ ಅವರೇ ಇನ್ನೊಂದು ಸಂಗತಿಯನ್ನು ಎತ್ತಿ ತೋರಿದರು: ಯೋಜನೆಯ ತಂಡದವರು ಇದನ್ನು ನಿಭಾಯಿಸಿದಷ್ಟು ಸಲೀಸಾಗಿ ಶಾಲೆಯ ಸಾಮಾನ್ಯ ಶಿಕ್ಷಕರಿಗೆ ನಿಭಾಯಿಸಲು ಆಗಿರಲಿಲ್ಲ. ಇದು ಸಣ್ಣ ಮಾತಲ್ಲ. ಪುಸ್ತಕದ ಪ್ರಶ್ನೆಗೆ ಪುಸ್ತಕದ ಉತ್ತರ ಹೇಳಿಸುವುದಕ್ಕೆ ಶಿಕ್ಷಕಿಗೆ ಹೆಚ್ಚು ಇಂಗ್ಲಿಷ್ ಬೇಕಿಲ್ಲ. ಮಗು ಯಾವ ಕಡೆ ಹೊರಳುತ್ತದೆಂದು ತಿಳಿಯದ ಸಂವಾದವನ್ನು ಇಂಗ್ಲಿಷಿನಲ್ಲಿ ನಡೆಸಲು ಬೇಕು. ಆ ಇಂಗ್ಲಿಷನ್ನು ಅವಳಿಗೆ ಯಾರು ಕೊಟ್ಟಿದ್ದರು?

ನಮ್ಮ ಮುಖ್ಯ ತಕರಾರು ಬೇರೆಯದು. ಮಕ್ಕಳ ಮನೆಮಾತನ್ನು ಬೆಂಗಳೂರು ಪ್ರಾಜೆಕ್ಟ್ ನಿಷೇಧಿಸಲಿಲ್ಲ, ಬಳಸಿಕೊಳ್ಳಲೂ ಇಲ್ಲ. ಅದು ತರಗತಿಯ ಮೂಲೆಯಲ್ಲಿ ಸಹಿಸಿಕೊಂಡ ಅತಿಥಿಯಂತೆ ಕುಳಿತಿತ್ತು. ಸಮಸ್ಯೆ ಬಿಡಿಸುವ ಮಗು ಒಳಗೊಳಗೆ ತರ್ಕ ಮಾಡಿದ್ದು ಕನ್ನಡದಲ್ಲೋ ತಮಿಳಿನಲ್ಲೋ ದಖ್ಖನಿಯಲ್ಲೋ ಆಗಿರಬೇಕು. ಆ ತರ್ಕವನ್ನು ಮೇಲಕ್ಕೆ ತಂದು ಇಂಗ್ಲಿಷಿನ ಪಕ್ಕದಲ್ಲಿ ಕೂರಿಸಿದ್ದರೆ ಏನಾಗುತ್ತಿತ್ತು ಎಂಬ ಪ್ರಯೋಗ ನಡೆಯದೇ ಹೋಯಿತು. ಯೋಜನೆ 1984ಕ್ಕೆ ಮುಗಿಯಿತು. ಪ್ರಭು ಅವರ ಪುಸ್ತಕ 1987ರಲ್ಲಿ ಬಂತು, ಕೆಲಸದ ಮೂಲಕ ಭಾಷೆ ಕಲಿಸುವ ವಿಧಾನ ಜಗತ್ತಿನ ಹಲವೆಡೆ ಹಬ್ಬಿತು. ಬೆಂಗಳೂರಿನ ಶಾಲೆಗಳ ಮಕ್ಕಳು ಮಾತ್ರ ಪ್ರಶ್ನೋತ್ತರ ಬಾಯಿಪಾಠಕ್ಕೆ ಮರಳಿದರು.

'ಎರಡನೆಯದು' ಎಂಬ ಸುಳ್ಳು

ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಸುವ ವಿಧಾನಗಳು ಎಂದು ಎಲ್ಲರೂ ಹೇಳುತ್ತಾರೆ. ಯಾರಿಗೆ ಎರಡನೆಯದು? ಉರ್ದು ಮಾಧ್ಯಮದ ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಉರ್ದು ಪ್ರಥಮ, ಇಂಗ್ಲಿಷ್ ದ್ವಿತೀಯ, ಕನ್ನಡ ತೃತೀಯ. ಬದುಕಿನ ಎಣಿಕೆ ಬೇರೆ. ಮಗು ಮನೆಯಲ್ಲಿ ಆಡುವುದು ದಖ್ಖನಿ. ಶಾಲೆಯ ಪುಸ್ತಕದ ಉರ್ದು ದಖ್ಖನಿಗಿಂತ ಬೇರೆಯಾದ, ಲಖನೌ ದೆಹಲಿಗಳ ಕಡೆ ಮುಖ ಮಾಡಿದ ಭಾಷೆ. ಓಣಿಯಲ್ಲಿ, ಸಂತೆಯಲ್ಲಿ ಕನ್ನಡ. ಮದ್ರಸದಲ್ಲಿ ಅರಬಿ ಓದು. ಇವೆಲ್ಲದರ ಮೇಲೆ ಇಂಗ್ಲಿಷ್. ಉರ್ದುವಿನಲ್ಲಿ ಅಕ್ಷರ ಕಲಿತು ಆಮೇಲೆ ಕನ್ನಡಕ್ಕೆ ಬಂದ ನಮ್ಮಂಥವರಿಗೆ ಇಂಗ್ಲಿಷ್ ಐದನೆಯ ಭಾಷೆ. ಕರಾವಳಿಯ ಬ್ಯಾರಿ ಮಗುವಿಗೆ, ಬಳ್ಳಾರಿಯ ತೆಲುಗು ಮನೆಯ ಮಗುವಿಗೆ, ಲಂಬಾಣಿ ತಾಂಡಾದ ಮಗುವಿಗೆ ಇಂಥದೇ ಬೇರೆ ಬೇರೆ ಎಣಿಕೆಗಳಿವೆ.

ಇದನ್ನು ಹೊರೆ ಎಂದು ಕಾಣುವುದು ವಾಡಿಕೆ. ಪಾಪ, ಇಷ್ಟೊಂದು ಭಾಷೆಗಳ ನಡುವೆ ಮಗು ಒದ್ದಾಡುತ್ತದೆ ಎನ್ನುತ್ತಾರೆ. ನಾವು ಇದನ್ನು ಬಂಡವಾಳ ಎನ್ನುತ್ತೇವೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಬಹುಭಾಷಿಕತೆಯನ್ನು ತರಗತಿಯ ಸಂಪನ್ಮೂಲ ಎಂದೇ ಕರೆಯಿತು. ಆದರೆ ಆ ಸಂಪನ್ಮೂಲವನ್ನು ಖರ್ಚು ಮಾಡುವುದು ಹೇಗೆ ಎಂಬುದು ಶಿಕ್ಷಕಿಯ ಮೇಜಿಗೆ ತಲುಪಲಿಲ್ಲ. ಒಂದೆರಡು ಉದಾಹರಣೆ ನೋಡೋಣ.

ಇಂಗ್ಲಿಷಿನ 'ಎ' ಮತ್ತು 'ದಿ' ನಮ್ಮ ಮಕ್ಕಳಿಗೆ ಕೊನೆಯವರೆಗೂ ಕಾಡುವ ಗುಬ್ಬಿ ಪದಗಳು. ನಮ್ಮ ಭಾಷೆಗಳಲ್ಲಿ ಅಂಥವು ಇಲ್ಲ ಎಂದು ಹೇಳಿ ನಿಯಮಗಳ ಪಟ್ಟಿ ಕೊಡುತ್ತಾರೆ. ಇಲ್ಲವೇ? ಅಜ್ಜಿ ಕಥೆ ಶುರುಮಾಡುವುದನ್ನು ಕೇಳಿ: 'ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಇಬ್ಬರು ಹೆಂಡಿರು.' ದಾದಿಯ ಕಥೆಯೂ ಹಾಗೆಯೇ: 'ಏಕ್ ರಾಜಾ ಥಾ. ಉಸ್ ರಾಜಾ ಕು ದೋ ರಾನಿಯಾಂ ಥೇ.' ಕೇಳುವವನಿಗೆ ಹೊಸಬನಾದರೆ 'ಒಬ್ಬ', 'ಏಕ್'. ಪರಿಚಯವಾದ ಮೇಲೆ 'ಆ', 'ಉಸ್'. ಇಂಗ್ಲಿಷಿನ 'ಎ ಕಿಂಗ್', 'ದಿ ಕಿಂಗ್' ಇದೇ ಲೆಕ್ಕ. ಎಲ್ಲ ಬಳಕೆಗಳೂ ಇದರಿಂದ ತೀರುವುದಿಲ್ಲ, ಆದರೆ ಅರ್ಧ ದಾರಿ ಒಂದು ನಿಮಿಷದಲ್ಲಿ ಸವೆಯುತ್ತದೆ. ಈ ನಿಮಿಷವನ್ನು ಇಂಗ್ಲಿಷಿನಲ್ಲಿಯೇ ಕಲಿಸು ಎನ್ನುವ ವಿಧಾನ ಎಂದೂ ಕೊಡಲಾರದು.

ಹಸಿವಿನ ಮಾತು ಇನ್ನೊಂದು. 'ನನಗೆ ಹಸಿವಾಗಿದೆ' ಎನ್ನುತ್ತದೆ ಕನ್ನಡ. 'ಮೇರೆಕು ಭೂಕ್ ಲಗ್ರೀ' ಎನ್ನುತ್ತದೆ ದಖ್ಖನಿ. ಎರಡರಲ್ಲೂ ಹಸಿವು ನನಗೆ ಬಂದದ್ದು, ನಾನು ಅದಕ್ಕೆ ಸಿಕ್ಕಿಕೊಂಡವನು. ಇಂಗ್ಲಿಷಿನಲ್ಲಿ 'ಐ ಆಮ್ ಹಂಗ್ರಿ'. ಅಲ್ಲಿ ನಾನೇ ಹಸಿದವನು. ನೆಗಡಿ, ಕೋಪ, ನೆನಪು, ಇಷ್ಟ ಎಲ್ಲವೂ ನಮ್ಮಲ್ಲಿ ನಮಗೆ ಬರುತ್ತವೆ, ಆಗುತ್ತವೆ. ಈ ಒಂದು ವ್ಯತ್ಯಾಸವನ್ನು ಮಗುವಿನ ಎದುರು ಬಿಚ್ಚಿಟ್ಟರೆ ನೂರು ತಪ್ಪುಗಳ ಬೇರು ಸಿಗುತ್ತದೆ. ಮಗು ನಾಚುವುದಿಲ್ಲ, ಕುತೂಹಲಪಡುತ್ತದೆ. ತನ್ನ ಮಾತಿಗೂ ಒಂದು ವ್ಯಾಕರಣವಿದೆ, ಓಣಿಯವರು ತಮಾಷೆ ಮಾಡುವ ದಖ್ಖನಿಗೂ ಇದೆ ಎಂದು ತಿಳಿಯುವುದು ಸಣ್ಣ ಲಾಭವಲ್ಲ.

ಕಾಗುಣಿತದ ವಿಷಯಕ್ಕೆ ಬಂದರೆ ಇಬ್ಬರ ದಾರಿಯೂ ಬೇರೆ. ಕನ್ನಡದ ಮಗು ಬರೆದಂತೆ ಓದುವ ಮಗು. ಇಂಗ್ಲಿಷಿನ 'ಪುಟ್' ಮತ್ತು 'ಬಟ್' ಅದಕ್ಕೆ ಮೋಸವೆನಿಸುತ್ತದೆ. ಉರ್ದುವಿನ ಮಗುವಿಗೆ ಹ್ರಸ್ವ ಸ್ವರಗಳನ್ನು ಬರೆಯದೆ ಬಿಟ್ಟ ಪದವನ್ನು ಸಂದರ್ಭದಿಂದ ಊಹಿಸಿ ಓದುವ ಅಭ್ಯಾಸ ಮೊದಲೇ ಇದೆ. ಪದದ ಒಟ್ಟು ಆಕಾರ ನೋಡಿ ಗುರುತಿಸುವುದು ಅದಕ್ಕೆ ಹೊಸತಲ್ಲ. ಆದರೆ 'ಸ್ಕೂಲ್' ಅದರ ಬಾಯಲ್ಲಿ 'ಇಸ್ಕೂಲ್' ಆಗುತ್ತದೆ, ಕನ್ನಡದ ಮಗುವಿಗೆ ಆ ತೊಡಕಿಲ್ಲ. ಒಂದೇ ಪುಸ್ತಕ, ಒಂದೇ ತರಬೇತಿ ಇವರಿಬ್ಬರನ್ನೂ 'ಇಂಗ್ಲಿಷ್ ಬಾರದವರು' ಎಂಬ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಮಗುವಿಗೆ ಏನು ಬಾರದು ಎಂಬುದನ್ನಷ್ಟೇ ನೋಡುವ ವಿಧಾನಕ್ಕೆ ಏನು ಬರುತ್ತದೆ ಎಂಬುದು ಕಾಣುವುದಿಲ್ಲ.

ಗ್ಯಾರೇಜಿನ ಪಾಠ

ಹೀಗೆ ಕಲಿಯಬಹುದು ಎಂಬುದಕ್ಕೆ ಪುರಾವೆ ಬೇಕಾದವರು ಯಾವುದಾದರೂ ಗ್ಯಾರೇಜಿನ ಮುಂದೆ ನಿಲ್ಲಲಿ. 'ಚೋಟೂ, ಚೌದಾ-ಪಂದ್ರಾ ಸ್ಪಾನರ್ ಲಾ ರೇ' ಎಂದು ಉಸ್ತಾದ್ ಕೂಗುತ್ತಾನೆ. ಐದನೆಯ ತರಗತಿಗೆ ಶಾಲೆ ಬಿಟ್ಟ ಹುಡುಗ ಸರಿಯಾದ ಸ್ಪಾನರ್ ತರುತ್ತಾನೆ. ಕ್ಲಚ್ ಪ್ಲೇಟ್, ಗ್ಯಾಸ್ಕೆಟ್, ಬೇರಿಂಗ್, ಟೈಟ್, ಲೂಸ್, ಲೀಕ್, ಜಾಮ್ - ವರ್ಷದೊಳಗೆ ಅವನ ಬಾಯಲ್ಲಿ ಇನ್ನೂರು ಇಂಗ್ಲಿಷ್ ಪದಗಳಿವೆ, ಒಂದನ್ನೂ ಅವನು ತಪ್ಪು ಅರ್ಥದಲ್ಲಿ ಬಳಸುವುದಿಲ್ಲ. ಬಳಸಿದರೆ ಗಾಡಿ ಓಡುವುದಿಲ್ಲ. ಪ್ರಭು ಹೇಳಿದ 'ಕೆಲಸ' ಇಲ್ಲಿದೆ. ಪ್ರಭು ಮೂಲೆಯಲ್ಲಿ ಕೂರಿಸಿದ ಮನೆಮಾತು ಇಲ್ಲಿ ವಾಕ್ಯದ ಬೆನ್ನೆಲುಬಾಗಿದೆ. ವೆಸ್ಟ್ ಕೇಳಿದ ಉಳಿಕೆ ಸಂಬಳದ ರೂಪದಲ್ಲೇ ಇದೆ. ಇಲ್ಲದಿರುವುದು ಒಂದೇ, ಓದು ಬರಹ. ಅವನು ಹೇಳಬಲ್ಲ ಪದವನ್ನು ಡಬ್ಬಿಯ ಮೇಲೆ ಓದಲಾರ. ಅದೇ ಅವನನ್ನು ಜೀವನವಿಡೀ ಚೋಟೂ ಆಗಿಯೇ ಉಳಿಸುವುದು. ಗ್ಯಾರೇಜನ್ನು ನಾವು ಹೊಗಳುತ್ತಿಲ್ಲ. ಮಗು ಇರಬೇಕಾದದ್ದು ಶಾಲೆಯಲ್ಲಿ. ಶಾಲೆಗೆ ಐದು ವರ್ಷದಲ್ಲಿ ಆಗದ್ದು ಗ್ಯಾರೇಜಿಗೆ ಒಂದು ವರ್ಷದಲ್ಲಿ ಹೇಗಾಯಿತು ಎಂದು ಶಾಲೆ ಕೇಳಿಕೊಳ್ಳಲಿ ಎನ್ನುತ್ತಿದ್ದೇವೆ.

ಮನೆಮಾತಿನ ಪರವಾಗಿ ಮಾತನಾಡುವಾಗ ಒಂದು ಎಚ್ಚರವೂ ಬೇಕು. ಉರ್ದು ಅಭಿಮಾನಿಗಳು ಹೆಮ್ಮೆಯಿಂದ ಹೇಳುವ ಉದಾಹರಣೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ. 1918ರಲ್ಲಿ ಸ್ಥಾಪನೆಯಾದ ಅದು ಆಧುನಿಕ ವಿದ್ಯೆಯನ್ನೆಲ್ಲ ಉರ್ದುವಿನಲ್ಲಿ ಕಲಿಸಿತು, ಅನುವಾದಕ್ಕಾಗಿಯೇ ದಾರುಲ್ ತರ್ಜುಮಾ ಕಟ್ಟಿತು, ಇಂಗ್ಲಿಷನ್ನು ಕಡ್ಡಾಯವಾಗಿ ಕಲಿಯಬೇಕಾದ ಒಂದು ಭಾಷೆಯಾಗಿ ಉಳಿಸಿಕೊಂಡಿತು. ವಿದ್ಯೆ ಒಂದು ಭಾಷೆಯಲ್ಲಿ, ಇಂಗ್ಲಿಷ್ ಅದರ ಪಕ್ಕದಲ್ಲಿ ಎಂಬ ಆ ಏರ್ಪಾಟು ನಿಜಕ್ಕೂ ದೊಡ್ಡದು. ಆದರೆ ಅದೇ ನಿಜಾಮ ರಾಜ್ಯದಲ್ಲಿದ್ದ ಕಲಬುರಗಿ, ರಾಯಚೂರು, ಬೀದರಗಳ ಕನ್ನಡ ಮನೆಯ ಮಗುವಿಗೆ ಉರ್ದುವೇ ಕಲಿಯಬೇಕಾದ ಪರಭಾಷೆಯಾಗಿತ್ತು. ಅವನ ಮಾತಿಗೆ ಆ ಏರ್ಪಾಟಿನಲ್ಲಿ ಜಾಗವಿರಲಿಲ್ಲ. ಒಬ್ಬರ ಮನೆಮಾತು ಇನ್ನೊಬ್ಬರ ಮೇಲೆ ಮಾಧ್ಯಮವಾಗಿ ಕುಳಿತರೆ ಅದೂ ಮಕೆರೆರೆಯೇ. ಇಂದು ಕನ್ನಡದ ಹೆಸರಿನಲ್ಲಿ ಲಂಬಾಣಿ, ಬ್ಯಾರಿ, ದಖ್ಖನಿ ಮಕ್ಕಳ ಮಾತನ್ನು ತರಗತಿಯಿಂದ ಹೊರಗಿಡುವವರಿಗೂ ಈ ಮಾತು ಸಲ್ಲುತ್ತದೆ.

ಇನ್ನೊಂದು ಕಡೆ, ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕುವ ತಾಯಿಯನ್ನು ಭಾಷಾದ್ರೋಹಿ ಎಂದು ಕರೆಯುವವರ ಜೊತೆ ನಾವಿಲ್ಲ. ಇಂಗ್ಲಿಷ್ ಈ ದೇಶದಲ್ಲಿ ಮೇಲ್ಜಾತಿ ಮೇಲ್ವರ್ಗದವರ ಮನೆಯ ಏಣಿ. ಅದನ್ನು ನಮಗೂ ಕೊಡಿ ಎಂದು ದಲಿತ ಚಿಂತಕರು ಕೇಳಿದ್ದು ನ್ಯಾಯವಾಗಿದೆ. ತಾಯಿ ಕೇಳುತ್ತಿರುವುದು ಇಂಗ್ಲಿಷ್. ಶಾಲೆ ಮಾರುತ್ತಿರುವುದು ಇಂಗ್ಲಿಷ್ ಮಾಧ್ಯಮ. ಇವೆರಡೂ ಒಂದೇ ಸರಕಲ್ಲ ಎಂಬುದು ಅವಳಿಗೆ ತಿಳಿಯುವ ಹೊತ್ತಿಗೆ ಮಗು ಸಮಾಜ ವಿಜ್ಞಾನವನ್ನೂ ಅರ್ಥವಾಗದ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡುತ್ತಿರುತ್ತದೆ. ಸರ್ಕಾರಿ ಕನ್ನಡ ಮತ್ತು ಉರ್ದು ಶಾಲೆಗಳು ಇಂಗ್ಲಿಷನ್ನು ಒಂದು ಭಾಷೆಯಾಗಿ ನೆಟ್ಟಗೆ ಕಲಿಸಿದ್ದರೆ ಆ ಅಂಗಡಿಗೆ ಇಷ್ಟು ಗಿರಾಕಿ ಇರುತ್ತಿರಲಿಲ್ಲ.

ನಮ್ಮ ಭಾಷೆಗಳ ನೆರಳು ಇಂಗ್ಲಿಷಿನ ಮೇಲೆ ಬೀಳುವುದನ್ನು ದೋಷವೆಂದು ತಿದ್ದುವ ತರಗತಿಗೆ ಒಂದು ಸುದ್ದಿಯನ್ನು ಓದಿ ಹೇಳಬೇಕು. 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಬಂತು. ಅನುವಾದಿಸಿದ ದೀಪಾ ಭಾಸ್ತಿ ಅವರು ಕನ್ನಡ, ಉರ್ದು, ಅರಬಿ ಪದಗಳನ್ನು ಓರೆ ಅಕ್ಷರದಲ್ಲಿ ಬೇರ್ಪಡಿಸದೆ, ಅಡಿಟಿಪ್ಪಣಿ ಹಾಕದೆ ಹಾಗೆಯೇ ಉಳಿಸಿದರು. ಹಾಸನದ ಓಣಿಯ ಮಾತುಗಳ ಸದ್ದು ಕೇಳುವ ಇಂಗ್ಲಿಷ್ ಲಂಡನ್ನಿನಲ್ಲಿ ಗೆದ್ದಿತು. ಅದೇ ಸದ್ದಿಗೆ ನಮ್ಮ ಶಾಲೆಗಳಲ್ಲಿ ಈಗಲೂ ಕೆಂಪು ಗೀಟು ಬೀಳುತ್ತದೆ.

ಹಾಗಾದರೆ ಯಾವ ವಿಧಾನ ಸರಿ? ಪ್ರಭು ಅವರೇ 1990ರ ಒಂದು ಲೇಖನದಲ್ಲಿ, ಅತ್ಯುತ್ತಮ ವಿಧಾನ ಎಂಬುದೊಂದು ಇಲ್ಲ ಎಂದರು. ತಾನು ಹೀಗೆ ಕಲಿಸಿದರೆ ಮಕ್ಕಳಿಗೆ ಹೀಗೆ ಕಲಿಕೆಯಾಗುತ್ತದೆ ಎಂದು ಶಿಕ್ಷಕಿಗೇ ಮನಗಾಣುವ ಒಂದು ತಿಳಿವಿರುತ್ತದೆ, ಅದು ಜೀವಂತವಾಗಿರುವುದು ಮುಖ್ಯ ಎಂದರು. ನಾವು ಇದಕ್ಕೆ ಸೇರಿಸುವುದು ಇಷ್ಟೇ. ಶಿಕ್ಷಕಿಯ ಆ ತಿಳಿವಿನಲ್ಲಿ ಮಗುವಿನ ಮನೆಮಾತು ಕಳ್ಳಮಾಲಾಗಿ ಇರಬಾರದು. ಮತ್ತು ಪ್ರತಿ ವರ್ಷದ ಕೊನೆಗೆ ಒಂದು ಲೆಕ್ಕ ಇರಬೇಕು. ಐದನೆಯ ತರಗತಿ ಬಿಟ್ಟ ಮಗು ಬಸ್ಸಿನ ಬೋರ್ಡು, ಅಂಗಡಿಯ ರಸೀದಿ, ಡಬ್ಬಿಯ ಮೇಲಿನ ಹೆಸರು ಓದಬೇಕು. ಏಳನೆಯದು ಬಿಟ್ಟ ಹುಡುಗಿ ಔಷಧಿ ಪಟ್ಟಿಯ ಮೇಲಿನ ತಾರೀಖು, ಬ್ಯಾಂಕಿನ ಚೀಟಿ, ಮೊಬೈಲಿಗೆ ಬಂದ ಸಂದೇಶ ಓದಿ, ತನ್ನ ಹೆಸರಿನ ಅರ್ಜಿಯನ್ನು ತಾನೇ ತುಂಬಬೇಕು. ಹತ್ತನೆಯದು ಮುಗಿಸಿದವನು ಶಬ್ದಕೋಶದ ಸಹಾಯದಿಂದ ಪತ್ರಿಕೆಯ ಒಂದು ಸುದ್ದಿಯನ್ನು ತನ್ನ ಭಾಷೆಯಲ್ಲಿ ಹೇಳಬೇಕು.

ಇದು ಕಡಿಮೆ ಆಸೆ ಎಂದು ಕೆಲವರಿಗೆ ಅನ್ನಿಸಬಹುದು. ಮುಂದೆ ಓದುವವರ ಕಾಲಿಗೆ ಇದು ಕಟ್ಟಲ್ಲ, ಮೆಟ್ಟಿಲು. ಇಲಾಖೆ, ನಮ್ಮ ಉರ್ದು ಶಾಲೆಗಳ ಶಿಕ್ಷಕರು, ಜಮಾತಿನವರು ನಡೆಸುವ ಶಾಲೆಗಳ ಆಡಳಿತದವರು ಪ್ರತಿ ಮೇ ತಿಂಗಳಲ್ಲಿ ಪಾಸಾದವರ ಶೇಕಡಾವಾರು ಪ್ರಕಟಿಸುತ್ತಾರೆ. ಆ ವರ್ಷ ನಡುವೆ ಬಿಟ್ಟುಹೋದ ಮಕ್ಕಳ ಮನೆಗೂ ಒಮ್ಮೆ ಹೋಗಿ, ಕೈಗೆ ಒಂದು ಔಷಧಿ ಪಟ್ಟಿ ಕೊಟ್ಟು ಓದಲು ಹೇಳಲಿ. ವಿಧಾನದ ಪರೀಕ್ಷೆ ನಡೆಯಬೇಕಾದದ್ದು ಆ ಮನೆಗಳಲ್ಲಿ.